ಒಂದೇ ದ್ರಾಕ್ಷಿ, ಮೂರು ಬ್ರಿಕ್ಸ್: ಯಾವ ಮೀಟರನ್ನು ನಂಬುವುದು?

ಓದುಗರ ಪ್ರಶ್ನೆ: ನಮ್ಮ ಮನೆ ಉಡುಪಿ, ಹೋಟೆಲ್ ವಿಜಯಪುರದಲ್ಲಿ. ಅಲ್ಲೇ ತಿಕೋಟಾ ಕಡೆ ಭಾವನವರ ಜೊತೆ ಸೇರಿ ನಾಲ್ಕು ಎಕರೆ ದ್ರಾಕ್ಷಿ ಪಡ ಮಾಡಿದ್ದೇವೆ. ಶಿರಾಜ್ ತಳಿ. ಹಣ್ಣು ಒಂದು ವೈನರಿಗೆ ಹೋಗುತ್ತದೆ. ರಸದ ಸಿಹಿ 22 ಬ್ರಿಕ್ಸ್ ಇದ್ದರೆ ಮಾತ್ರ ಪೂರ್ತಿ ದರ ಎಂದು ಮಾತು. ಈ ಸಲ ಮಾರ್ಚಿನಲ್ಲಿ ಕಟಾವಿಗೆ ಮೊದಲು ವೈನರಿಯ ಹುಡುಗ ಒಬ್ಬರು ಟಾರ್ಚಿನಂಥ ಮೀಟರು ತಂದರು. ಮಧ್ಯಾಹ್ನದ ಹೊತ್ತು. ಕೆಲವು ಗೊಂಚಲಿಗೆ ಒತ್ತಿ ಹಿಡಿದು 20.1 ಎಂದು ಬರೆದುಕೊಂಡು ಹೋದರು. ದರ ಇಳಿಯಿತು. ಅದರ ಹಿಂದಿನ ದಿನ ಭಾವ ರಸದ ಹನಿಯನ್ನು ಗಾಜಿನ ಮೇಲೆ ಬಿಟ್ಟು ಓದುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿದಾಗ 22.5 ಇತ್ತು. ನಾನು ರಾತ್ರಿ ಬಸ್ಸಿಗೆ ಬರುವಾಗ ಒಂದು ಚೀಲ ಹಣ್ಣು ತಂದು ಉಡುಪಿಯಲ್ಲಿ ನೋಡಿದರೆ 23! ಇದರಲ್ಲಿ ಯಾವುದು ನಿಜ? ಅಕ್ಕನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಪ್ರಾಜೆಕ್ಟಿಗೆ ಎಲೆಕ್ಟ್ರಾನಿಕ್ ಮೂಗು, ಅಂದರೆ ವಾಸನೆ ಗುರುತಿಸುವ ಯಂತ್ರ, ಮಾಡಿದ್ದಾನೆ. ಕಾಯಿ ಯಾವುದು, ಕಳಿತದ್ದು ಯಾವುದು ಎಂದು ನೂರಕ್ಕೆ ತೊಂಬತ್ತು ಸಲ ಸರಿ ಹೇಳುತ್ತದಂತೆ. ಮುಂದಿನ ವರ್ಷ ಅದನ್ನೇ ತೋರಿಸಿ ವೈನರಿಯವರ ಜೊತೆ ವಾದ ಮಾಡಬಹುದಾ? ಇಲ್ಲ, ಅವರ ಹತ್ತಿರ ಇರುವಂಥ ಮೀಟರನ್ನೇ ಕೊಳ್ಳುವುದು ಒಳ್ಳೆಯದಾ? ಈ ಮೂಗಿಗೆ ಹಣ್ಣಿಗೆ ಸಿಂಪಡಿಸಿದ ಔಷಧಿಯ ಅಂಶ ತಿಳಿಯುತ್ತದಾ? ಪಕ್ಕದ ಮನೆಯವರು ಕ್ರಿಸ್‌ಮಸ್‌ಗೆ ಮಾಡುವ ವೈನಿನಲ್ಲಿ ಮೆಥನಾಲ್ ಎಂಬ ವಿಷ ಇದೆಯಾ ನೋಡಿಕೊಡು ಎಂದು ಅವನನ್ನು ಕೇಳುತ್ತಿದ್ದಾರೆ, ಅದು ಆಗುತ್ತದಾ?

ಉತ್ತರ: ನಿಮ್ಮ ಪ್ರಶ್ನೆ ಮೀಟರಿನದ್ದು, ಸಂಕಟ ದರದ್ದು. ಬಳ್ಳಿ ಕತ್ತರಿಸುವ ಚಾಟ್ನಿಯಿಂದ ಕಟಾವಿನ ತನಕ ನೀರು, ಗೊಬ್ಬರ, ಔಷಧಿ, ಕೂಲಿ ಎಂದು ದುಡ್ಡು ಸುರಿದಿರುತ್ತೀರಿ. ಕೊನೆಗೆ ಒಂದು ಸಣ್ಣ ಮೀಟರು ಅರೆಗಳಿಗೆಯಲ್ಲಿ ಬೆಲೆ ಕಟ್ಟಿದರೆ ಯಾರಿಗೇ ಆದರೂ ಹೊಟ್ಟೆ ಉರಿಯುತ್ತದೆ. ಹಣ್ಣು, ರಸ ಪರೀಕ್ಷೆ ಮಾಡುವುದು ಮಂಗಳೂರಿನಲ್ಲಿ ನನ್ನ ಕೆಲಸ. ಈ ಜಗಳ ನನಗೆ ಹೊಸದಲ್ಲ. ಹಣ್ಣು ಬೇರೆಯಾಗಬಹುದು, ಮೀಟರು ಬೇರೆಯಾಗಬಹುದು, ಜಗಳ ಮಾತ್ರ ಹೀಗೇ ಶುರುವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಷ್ಟು ವಿವರದಿಂದ ವೈನರಿಯವರು ಮೋಸ ಮಾಡಿದ್ದಾರೆ ಎನ್ನಲು ಆಗುವುದಿಲ್ಲ. ಭಾವನವರು ತಪ್ಪು ಓದಿದ್ದಾರೆ ಎನ್ನಲೂ ಆಗುವುದಿಲ್ಲ. ಮೂರು ಕಡೆಯೂ ಮೀಟರು ತನ್ನ ಮುಂದಿದ್ದ ಹಣ್ಣನ್ನು ಅಳೆದಿದೆ. ಆದರೆ ಮೂರು ಕಡೆ ಇದ್ದದ್ದು ಮೂರು ಬೇರೆ ಬೇರೆ ಹಣ್ಣು. ನಿಮ್ಮ ನಾಲ್ಕು ಎಕರೆಯನ್ನು ಮೂರರಲ್ಲಿ ಯಾವುದೂ ಅಳೆದಿಲ್ಲ.

ಎರಡೂವರೆ ಬ್ರಿಕ್ಸ್ ಎಲ್ಲಿ ಹೋಯಿತು

100 ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಪದಾರ್ಥ ಕರಗಿದೆ ಎಂಬ ಲೆಕ್ಕಕ್ಕೆ ಬ್ರಿಕ್ಸ್ ಎನ್ನುತ್ತಾರೆ. ಮಾಗಿದ ದ್ರಾಕ್ಷಿಯಲ್ಲಿ ಅದರ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪಾಲು ಸಕ್ಕರೆಯೇ. ಬ್ರಿಕ್ಸನ್ನು 0.55ರಿಂದ ಗುಣಿಸಿದರೆ ವೈನಿನಲ್ಲಿ ಎಷ್ಟು ಆಲ್ಕೋಹಾಲ್ ಬರಬಹುದು ಎಂಬ ಅಂದಾಜು ಸಿಗುತ್ತದೆ. 20.1 ಇದ್ದರೆ ನೂರಕ್ಕೆ 11ರ ಹತ್ತಿರ, 22.5 ಇದ್ದರೆ 12.4ರ ಹತ್ತಿರ. ವೈನ್ ಮಾಡುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಹಾಗಾಗಿ ಅವರು ಬ್ರಿಕ್ಸಿಗೆ ದರ ಕಟ್ಟುವುದರಲ್ಲಿ ತಪ್ಪಿಲ್ಲ. ಎಲ್ಲಿ, ಹೇಗೆ ಅಳೆದರು ಎನ್ನುವುದೇ ಪ್ರಶ್ನೆ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು. ಪಾತ್ರೆಯ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಬೆಂಕಿಯಲ್ಲಿ ಬೇಯುತ್ತದೆ. ದ್ರಾಕ್ಷಿ ತೋಟ ಹಾಗಲ್ಲ. ಒಂದೇ ಗೊಂಚಲಿನಲ್ಲಿ ಮೇಲಿನ ಭುಜದ ಹಣ್ಣು ಸಾಮಾನ್ಯವಾಗಿ ತುದಿಯ ಹಣ್ಣಿಗಿಂತ ಸಿಹಿ. ಬಿಸಿಲು ಬೀಳುವ ಗೊಂಚಲು ಬೇರೆ, ಎಲೆಯ ಮರೆಯದ್ದು ಬೇರೆ. ಡ್ರಿಪ್ ಪೈಪಿನ ತೂತು ಕಟ್ಟಿಕೊಂಡ ಬಳ್ಳಿಯ ಹಣ್ಣು ಸಣ್ಣದಾಗಿ, ಸಿಹಿಯಾಗಿ ಇರುತ್ತದೆ. ಗೊಂಚಲು ಜಾಸ್ತಿ ಹೊತ್ತ ಬಳ್ಳಿಯದ್ದು ಸಪ್ಪೆ. ಇಷ್ಟರ ನಡುವೆ ನಡೆಯುವವರ ಕೈ ಎಲ್ಲಿಗೆ ಹೋಗುತ್ತದೆ ಹೇಳಿ? ಕಣ್ಣಿನ ಎತ್ತರದಲ್ಲಿರುವ, ಕಪ್ಪಗೆ ಮಿರುಗುವ, ದಪ್ಪನೆಯ ಹಣ್ಣಿಗೆ. ಭಾವನವರ ಕೈಯೂ ಅಲ್ಲಿಗೇ ಹೋಗಿರುತ್ತದೆ. ಬೇಕೆಂದು ಮಾಡುವುದಲ್ಲ, ಎಲ್ಲರ ಕೈಯೂ ಹಾಗೇ. ತೋಟದಲ್ಲಿ ಹಣ್ಣು ಕಿತ್ತು ನೋಡಿದ ಬ್ರಿಕ್ಸ್, ಅದೇ ತೋಟದ ಲೋಡನ್ನು ಅರೆದ ಮೇಲೆ ತೊಟ್ಟಿಯಲ್ಲಿ ಬರುವ ಬ್ರಿಕ್ಸಿಗಿಂತ ಹೆಚ್ಚಿಗೆ ಇರುವುದು ಸಾಮಾನ್ಯ. ವೈನ್ ಮಾಡುವವರಿಗೆಲ್ಲ ಇದು ಗೊತ್ತು.

ಇನ್ನು ಉಡುಪಿಯಲ್ಲಿ ಬಂದ 23. ಕಿತ್ತ ಮೇಲೆ ಎರಡು ದಿನ ಇಟ್ಟರೆ ದ್ರಾಕ್ಷಿ ಸಿಹಿಯಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಬಾಳೆ, ಮಾವು ಕಿತ್ತ ಮೇಲೂ ಹಣ್ಣಾಗುತ್ತವೆ, ದ್ರಾಕ್ಷಿ ಆಗುವುದಿಲ್ಲ. ಬಳ್ಳಿ ಬಿಟ್ಟ ಮೇಲೆ ಅದಕ್ಕೆ ಸಕ್ಕರೆ ಎಲ್ಲಿಂದಲೂ ಬರುವುದಿಲ್ಲ. ನೀರು ಆರುತ್ತದೆ, ಅಷ್ಟೇ. ನೀರು ಆರಿದರೆ ಉಳಿದ ರಸ ಗಟ್ಟಿಯಾಗಿ ಬ್ರಿಕ್ಸ್ ಮೇಲೇರುತ್ತದೆ. ತೂಕದಲ್ಲಿ ನೂರಕ್ಕೆ ಎರಡು ಪಾಲು ನೀರು ಹೋದರೂ 22.5 ಇದ್ದದ್ದು 23ರ ಹತ್ತಿರ ಬಂದು ನಿಲ್ಲುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ, ಬಾಯಿ ತೆರೆದ ಚೀಲದಲ್ಲಿ ಬಂದ ಹಣ್ಣಿಗೆ ಇದು ದೊಡ್ಡ ಮಾತಲ್ಲ.

ರಿಫ್ರಾಕ್ಟೋಮೀಟರು ಒಳ್ಳೆಯ ಉಪಕರಣ. ಆದರೆ ಅದಕ್ಕೂ ಕೆಲವು ಕಟ್ಟುಪಾಡು ಇದೆ. ಅದರ ಅಳತೆಪಟ್ಟಿ 20 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು. ಬಿಸಿ ಏರಿದಂತೆ ಅದು ಕಡಿಮೆ ತೋರಿಸುತ್ತದೆ. 36 ಡಿಗ್ರಿಯಲ್ಲಿ, ತಿದ್ದುಪಡಿ ಇಲ್ಲದಿದ್ದರೆ, ಒಂದು ಬ್ರಿಕ್ಸಿಗೂ ಸ್ವಲ್ಪ ಜಾಸ್ತಿ ಕಡಿಮೆ ಬರುತ್ತದೆ. ತಾನಾಗಿ ತಿದ್ದಿಕೊಳ್ಳುವ ಮೀಟರುಗಳು ಸಿಗುತ್ತವೆ, ಹೌದು. ಆದರೆ ಕಡಿಮೆ ಬೆಲೆಯ ಹಲವು ಮೀಟರುಗಳಲ್ಲಿ ಆ ತಿದ್ದುಪಡಿ 10ರಿಂದ 30 ಡಿಗ್ರಿಯ ಒಳಗೆ ಮಾತ್ರ. ವಿಜಯಪುರದ ಮಾರ್ಚ್ ಮಧ್ಯಾಹ್ನ ಅದರ ಆಚೆಗೇ ಇರುತ್ತದೆ. ಇನ್ನೊಂದು, ಗಾಜಿನ ಮೇಲೆ ಒಂದು ಹನಿ ಬಿಟ್ಟು ಮುಚ್ಚಳ ಹಾಕದೆ ಫ್ಯಾನಿನ ಕೆಳಗೆ ಇಟ್ಟು ನೋಡಿ. ಹನಿಯ ಅಂಚು ಒಳಗೆ ಸರಿಯುತ್ತಾ ಹೋಗುತ್ತದೆ. ಆಮೇಲೆ ಓದಿದರೆ ಅಂಕಿ ಮೇಲೇರಿರುತ್ತದೆ. ಹಣ್ಣು ಅದೇ, ಹನಿ ಆರಿದೆ. ಹನಿ ಬಿಟ್ಟ ಕೂಡಲೇ ಮುಚ್ಚಬೇಕು, ಅರ್ಧ ನಿಮಿಷ ಬಿಟ್ಟು ಓದಬೇಕು. ಪ್ರತಿ ದಿನ ಮೊದಲು ಡಿಸ್ಟಿಲ್ಡ್ ನೀರಿಗೆ ಸೊನ್ನೆ ಬರುತ್ತದಾ ನೋಡಬೇಕು.

ಆ ಟಾರ್ಚಿನಂಥ ಮೀಟರು

ನೀವು ಬರೆದದ್ದು ನೋಡಿದರೆ ಅದು ನಿಯರ್ ಇನ್‌ಫ್ರಾರೆಡ್ ಮೀಟರು. ಕೆಂಪು ಬೆಳಕಿನ ಆಚೆಗೆ, ಕಣ್ಣಿಗೆ ಕಾಣದ ಬೆಳಕನ್ನು ಹಣ್ಣಿನೊಳಗೆ ಬಿಟ್ಟು, ಎಷ್ಟು ತಿರುಗಿ ಬಂತು ಎಂದು ನೋಡುತ್ತದೆ. ಕೈಯಲ್ಲಿ ಹಿಡಿಯುವ ಹಲವು ಮೀಟರುಗಳು ಸುಮಾರು 700ರಿಂದ 1100 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಹಣ್ಣನ್ನು ಕೀಳಬೇಕಿಲ್ಲ, ಹಿಂಡಬೇಕಿಲ್ಲ. ಒಂದು ಬೆಳಗ್ಗೆ ಒಬ್ಬರೇ ನೂರಾರು ಗೊಂಚಲು ನೋಡಬಹುದು. ಅದು ದೊಡ್ಡ ಅನುಕೂಲ, ನಾನು ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಒಂದು ವಿಷಯ ಎಲ್ಲ ಬೆಳೆಗಾರರಿಗೂ ತಿಳಿದಿರಬೇಕು. ಈ ಮೀಟರು ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ದ್ರಾಕ್ಷಿಯಲ್ಲಿ ಮುಕ್ಕಾಲು ಪಾಲು ನೀರು. ನೀರು 970 ನ್ಯಾನೋಮೀಟರಿನ ಹತ್ತಿರ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಸಕ್ಕರೆಯ ಗುರುತು ಅದರ ಮಗ್ಗುಲಲ್ಲಿ ಮಂಕಾಗಿ ಅಡಗಿರುತ್ತದೆ. ಅದನ್ನು ಹೆಕ್ಕಿ ತೆಗೆಯಲು ಮೀಟರಿಗೆ ಮೊದಲೇ ಪಾಠ ಆಗಿರಬೇಕು. ನೂರಾರು ಹಣ್ಣಿಗೆ ಬೆಳಕು ಬಿಟ್ಟು, ಅದೇ ಹಣ್ಣನ್ನು ಹಿಂಡಿ ರಿಫ್ರಾಕ್ಟೋಮೀಟರಿನಲ್ಲಿ ಓದಿ, ಎರಡನ್ನೂ ಜೋಡಿಸಿ ಒಂದು ಲೆಕ್ಕ ಕಟ್ಟುತ್ತಾರೆ. ಕ್ಯಾಲಿಬ್ರೇಶನ್ ಅಂದರೆ ಇದೇ. ಮೀಟರಿನ ಪರದೆಯ ಮೇಲೆ ಬಂದ 20.1 ಆ ಲೆಕ್ಕದಿಂದ ಹುಟ್ಟಿದ ಅಂದಾಜು. ಪಾಯಿಂಟಿನ ನಂತರ ಒಂದು ಅಂಕಿ ಇದೆ ಎಂದ ಮಾತ್ರಕ್ಕೆ ಅಷ್ಟು ಖಚಿತ ಎಂದು ಅರ್ಥ ಅಲ್ಲ. ಚೆನ್ನಾಗಿ ಕಲಿಸಿದ ಮೀಟರೂ ತೋಟದಲ್ಲಿ ಅರ್ಧದಿಂದ ಒಂದು ಬ್ರಿಕ್ಸ್ ಆಚೀಚೆ ಆಗುವುದುಂಟು.

ಪಾಠ ಯಾವ ಹಣ್ಣಿನಿಂದ ಆಯಿತು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಬಿಳಿ ಥಾಮ್ಸನ್ ಸೀಡ್‌ಲೆಸ್ ಹಣ್ಣಿನಿಂದ ಕಲಿಸಿದ ಲೆಕ್ಕವನ್ನು ದಪ್ಪ ಸಿಪ್ಪೆಯ, ಸಣ್ಣ ಕಪ್ಪು ಶಿರಾಜ್‌ಗೆ ಹಿಡಿದರೆ ಅಂಕಿ ಒಂದು ಕಡೆಗೆ ವಾಲುತ್ತದೆ. ಬಿಸಿಯೂ ಹಾಗೇ. ಹಣ್ಣು ಬಿಸಿಯಾದರೆ ನೀರು ಬೆಳಕು ಹೀರುವ ಜಾಗವೇ ಸ್ವಲ್ಪ ಸರಿಯುತ್ತದೆ. ಎಸಿ ರೂಮಿನ ತಣ್ಣನೆಯ ಹಣ್ಣಿನಿಂದ ಕಲಿತ ಮೀಟರು ಬಿಸಿಲಿನಲ್ಲಿ ಕಾದ ಗೊಂಚಲನ್ನು ನೋಡಿದರೆ ಗೊಂದಲ ಮಾಡಿಕೊಳ್ಳುತ್ತದೆ. ನಿಮ್ಮಲ್ಲಿ ನೋಡಿದ್ದು ಮಧ್ಯಾಹ್ನ ಎಂದು ಬರೆದಿದ್ದೀರಿ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಮಾತು.

ಹಾಗಾಗಿ ವೈನರಿಯವರನ್ನು ಸಮಾಧಾನದಲ್ಲೇ ಕೇಳಿ. ಈ ಮೀಟರಿಗೆ ಶಿರಾಜ್ ಕಲಿಸಿದ್ದೀರಾ? ನಮ್ಮ ಜಿಲ್ಲೆಯ ಹಣ್ಣು ಅದರಲ್ಲಿ ಇತ್ತಾ? ಈ ವರ್ಷ ರಿಫ್ರಾಕ್ಟೋಮೀಟರಿನ ಜೊತೆ ಹೋಲಿಸಿ ನೋಡಿದ್ದು ಯಾವಾಗ, ಎಷ್ಟು ವ್ಯತ್ಯಾಸ ಬಂತು? ಒಳ್ಳೆಯ ವೈನರಿಯಲ್ಲಿ ಇದಕ್ಕೆಲ್ಲ ಪುಸ್ತಕದಲ್ಲಿ ಬರೆದಿಟ್ಟ ಉತ್ತರ ಇರುತ್ತದೆ. ಉತ್ತರ ಇಲ್ಲದಿದ್ದರೆ, ಆ ಮೀಟರನ್ನು ಯಾವ ಸಾಲು ಮೊದಲು ಕೊಯ್ಯಬೇಕು ಎಂದು ನೋಡಲು ಬಳಸಲಿ. ದರ ಕಟ್ಟಲು ಅದು ಸಾಲದು.

ಅಕ್ಕನ ಮಗನ ಎಲೆಕ್ಟ್ರಾನಿಕ್ ಮೂಗು

ಹುಡುಗನ ಉತ್ಸಾಹ ನನಗೆ ನಿಜವಾಗಿಯೂ ಖುಷಿ ಕೊಟ್ಟಿತು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಅವನಿಗೂ ಓದಲು ಕೊಡಿ.

1982ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಪರ್ಸಾಡ್ ಮತ್ತು ಡಾಡ್ ಈ ವಿಚಾರವನ್ನು ಮುಂದಿಟ್ಟರು. ಒಂದೊಂದು ಸೆನ್ಸರ್ ಒಂದೊಂದೇ ವಾಸನೆಯನ್ನು ಹಿಡಿಯಬೇಕಿಲ್ಲ. ಕೆಲವು ಸೆನ್ಸರುಗಳು ಒಟ್ಟಿಗೆ ಕೊಡುವ ಉತ್ತರದ ಮಾದರಿಯಿಂದಲೇ ವಾಸನೆಯನ್ನು ಗುರುತಿಸಬಹುದು ಎಂದು ತೋರಿಸಿದರು. ನಮ್ಮ ಮೂಗೂ ಸುಮಾರಾಗಿ ಹಾಗೇ ಕೆಲಸ ಮಾಡುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವುದು ಎಂಕ್ಯೂ ಸರಣಿಯ ಅಗ್ಗದ ಸೆನ್ಸರುಗಳು. ಜಾಲರಿಯ ಮುಚ್ಚಳದ ಒಳಗೆ ತವರದ ಆಕ್ಸೈಡಿನ ಪದರ, ಅದಕ್ಕೆ ಅಂಟಿಕೊಂಡು ಸಣ್ಣ ಹೀಟರ್. ಕಾದ ಪದರಕ್ಕೆ ಆಲ್ಕೋಹಾಲಿನಂಥ ಆವಿ ತಗುಲಿದರೆ ಅದರ ವಿದ್ಯುತ್ ತಡೆ ಇಳಿಯುತ್ತದೆ. ಆ ಇಳಿತವೇ ಓದು.

ತೊಂದರೆ ಇರುವುದು ಇಲ್ಲಿ. ಅದೇ ಪದರಕ್ಕೆ ನೀರಿನ ಆವಿಯೂ ತಗುಲುತ್ತದೆ, ಓದನ್ನು ಬದಲಿಸುತ್ತದೆ. ವಿಜಯಪುರದ ಒಣ ಗಾಳಿ ಬೇರೆ, ಉಡುಪಿಯ ಸೆಕೆ ಬೇರೆ. ನಮ್ಮ ಕರಾವಳಿಯಲ್ಲಿ ಗಾಳಿಯೇ ಅರ್ಧ ಒದ್ದೆ. ಮಳೆಗಾಲದಲ್ಲಿ ಕೇಳುವುದೇ ಬೇಡ. ಫ್ರಿಜ್ಜಿನಿಂದ ತೆಗೆದ ಹಣ್ಣಿನ ಮೇಲೆ ಎರಡು ನಿಮಿಷದಲ್ಲಿ ಹನಿ ಕೂರುತ್ತದೆ. ಅದನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದರೆ ಸೆನ್ಸರಿಗೆ ಮೊದಲು ಸಿಗುವುದು ಆ ನೀರಿನ ಆವಿ. ಜೊತೆಗೆ ಈ ಸೆನ್ಸರುಗಳು ದಿನ ಕಳೆದಂತೆ ತಾವೇ ಬದಲಾಗುತ್ತವೆ. ಹೊಸದನ್ನು ಒಂದು ದಿನಕ್ಕಿಂತ ಜಾಸ್ತಿ ಕಾಯಿಸದೆ ಓದನ್ನು ನಂಬಬಾರದು.

ಈಗ ತೊಂಬತ್ತರ ಲೆಕ್ಕಕ್ಕೆ ಬರೋಣ. ಕಾಯಿಯನ್ನು ಅವನು ಪರೀಕ್ಷೆ ಮಾಡಿದ್ದು ಯಾವಾಗ? ಜನವರಿಯಲ್ಲಿ ಇರಬೇಕು. ಕಳಿತದ್ದನ್ನು ಮಾರ್ಚಿನಲ್ಲಿ. ಎರಡೂ ಬೇರೆ ದಿನ, ಬೇರೆ ಗಾಳಿ, ಸೆನ್ಸರಿನ ವಯಸ್ಸೂ ಬೇರೆ. ಹಾಗಿದ್ದರೆ ಯಂತ್ರ ಹಣ್ಣನ್ನು ಬಿಟ್ಟು ದಿನವನ್ನು ಕಲಿತಿರಬಹುದು. ಕಂಪ್ಯೂಟರಿಗೆ ಅದೇ ಸುಲಭ. ಇನ್ನೊಂದು ಅನುಮಾನವೂ ಇದೆ. ಕಳಿತ ಹಣ್ಣು ಬಸ್ಸಿನಲ್ಲಿ ಬಂದದ್ದಲ್ವಾ? ಮೆತ್ತಗಿನ ಹಣ್ಣು ಚೀಲದ ಅಡಿಯಲ್ಲಿ ಒಡೆದಿರುತ್ತದೆ. ಒಡೆದ ಹಣ್ಣಿನ ಮೇಲಿರುವ ಯೀಸ್ಟ್ ಆ ಸೆಕೆಗೆ ಕೂಡಲೇ ಕೆಲಸ ಶುರು ಮಾಡುತ್ತದೆ, ಸ್ವಲ್ಪ ಆಲ್ಕೋಹಾಲ್ ಹುಟ್ಟುತ್ತದೆ. ಎಂಕ್ಯೂ-3 ಸೆನ್ಸರ್ ಮಾಡಿರುವುದೇ ಆಲ್ಕೋಹಾಲಿಗೆ. ಓದು ಜಿಗಿಯುತ್ತದೆ. ಅಂದರೆ ಅದು ಹಿಡಿದದ್ದು ಹಣ್ಣು ಜಜ್ಜಿದ್ದನ್ನು, ಮಾಗಿದ್ದನ್ನಲ್ಲ.

ಅವನು ಇದನ್ನು ತಾನೇ ಪತ್ತೆ ಮಾಡಬಹುದು. ಪ್ರತಿ ಸಲವೂ ಖಾಲಿ ಡಬ್ಬಿಯ ಓದನ್ನೂ ಬರೆದಿಡಲಿ. ಖಾಲಿ ಡಬ್ಬಿಯ ಓದನ್ನೇ ಕೊಟ್ಟಾಗ ಕಂಪ್ಯೂಟರ್ ಕಾಯಿ, ಕಳಿತದ್ದು ಎಂದು ಬೇರೆ ಮಾಡಿ ತೋರಿಸಿದರೆ ವಿಷಯ ಗೊತ್ತಾಯಿತು. ಡಬ್ಬಿಯಲ್ಲಿ ಬರೇ ಒದ್ದೆ ಬಟ್ಟೆ ಇಟ್ಟೂ ನೋಡಲಿ. ಕಾಯಿ, ಅರೆಹಣ್ಣು, ಹಣ್ಣು ಮೂರನ್ನೂ ಒಂದೇ ದಿನ ಕಲಸಿ ಓದಲಿ. ಪರೀಕ್ಷೆಗೆ ಒಂದಿಡೀ ದಿನದ ಓದನ್ನು ಎತ್ತಿಟ್ಟು, ಉಳಿದ ದಿನಗಳಿಂದ ಮಾತ್ರ ಕಲಿಸಲಿ. ತೇವ ಮತ್ತು ಬಿಸಿ ಅಳೆಯುವ ಒಂದು ಸಣ್ಣ ಸೆನ್ಸರನ್ನೂ ಡಬ್ಬಿಯೊಳಗೆ ಕೂರಿಸಲಿ. ತೊಂಬತ್ತು ಇದ್ದದ್ದು ಅರವತ್ತಕ್ಕೆ ಇಳಿದರೆ ಬೇಜಾರು ಮಾಡಿಕೊಳ್ಳುವುದು ಬೇಡ. ಹಾಗೆ ಬಂದ ಅರವತ್ತನ್ನೇ ನಾನು ಆ ತೊಂಬತ್ತಕ್ಕಿಂತ ಜಾಸ್ತಿ ನಂಬುತ್ತೇನೆ.

ಇಷ್ಟೆಲ್ಲ ಮಾಡಿದರೂ ದ್ರಾಕ್ಷಿ ಮಾಗಿದ್ದನ್ನು ವಾಸನೆಯಿಂದ ಹೇಳುವುದು ಕಷ್ಟ. ಅದಕ್ಕೆ ಕಾರಣ ದ್ರಾಕ್ಷಿಯಲ್ಲೇ ಇದೆ. ಅದರ ಪರಿಮಳದ ದೊಡ್ಡ ಪಾಲು ಸಕ್ಕರೆಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡಿರುವ ತನಕ ಅದು ಆವಿಯಾಗಿ ಮೇಲೇಳುವುದಿಲ್ಲ, ಯಾವ ಮೂಗಿಗೂ ಸಿಗುವುದಿಲ್ಲ. ವೈನ್ ಆಗುವಾಗ, ಆಮೇಲೆ ಬಾಟಲಿಯಲ್ಲಿ ಇರುವಾಗ, ಅದು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುತ್ತದೆ. ಬಿಡಿಯಾಗಿ ಇರುವ ಪರಿಮಳವೂ ಅತಿ ಕಡಿಮೆ. ನಿಮ್ಮ ಶಿರಾಜ್‌ನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಆ ವೈನಿಗೆ ಕೆಲವೊಮ್ಮೆ ಒಳ್ಳೆಮೆಣಸಿನ ಘಮ ಇರುತ್ತದೆ. ರೊಟುಂಡೋನ್ ಎಂಬ ಪದಾರ್ಥ ಅದಕ್ಕೆ ಕಾರಣ ಎಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ಒಳ್ಳೆಮೆಣಸಿನಲ್ಲಿ ಇರುವುದೂ ಅದೇ. ಕೆಂಪು ವೈನಿನಲ್ಲಿ ಲೀಟರಿಗೆ 16 ನ್ಯಾನೋಗ್ರಾಂ ಇದ್ದರೆ ಮೂಗಿಗೆ ಗೊತ್ತಾಗುತ್ತದೆ. ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಒಂದು ನ್ಯಾನೋಗ್ರಾಂ. ಅಷ್ಟು ಸಣ್ಣ ಪ್ರಮಾಣ ಎಂಕ್ಯೂ ಸೆನ್ಸರಿಗೆ ಸಿಗುವ ಮಾತೇ ಇಲ್ಲ. ಅದೇ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಘಮ ಪರೀಕ್ಷಿಸಿದ ಅತಿ ಹೆಚ್ಚಿನ ಪ್ರಮಾಣದಲ್ಲೂ ತಿಳಿಯಲಿಲ್ಲ ಎಂಬುದೂ ಗೊತ್ತಾಯಿತು. ಹಾಗಾಗಿ ಒಬ್ಬರ ಮೂಗನ್ನು ನೆಚ್ಚಿಕೊಳ್ಳುವುದೂ ಸರಿಯಲ್ಲ.

ಈ ಯಂತ್ರ ಉಪಯೋಗಕ್ಕೆ ಬರುವ ಜಾಗ ಬೇರೆ ಇದೆ. ವೈನರಿಯ ಬಾಗಿಲಲ್ಲಿ ಕ್ರೇಟುಗಳು ಇಳಿಯುತ್ತವೆ. ಯಾವುದೋ ಒಂದರ ಅಡಿಯಲ್ಲಿ ಹಣ್ಣು ಕೊಳೆತು ವಿನೆಗರ್ ವಾಸನೆ, ನೈಲ್ ಪಾಲಿಶಿನಂಥ ವಾಸನೆ ಬರುತ್ತಿರುತ್ತದೆ. ಅಸಿಟಿಕ್ ಆಸಿಡ್, ಈಥೈಲ್ ಅಸಿಟೇಟ್ ಹೊರಡುವ ಈ ಸಂದರ್ಭದಲ್ಲಿ ಆವಿ ಬೇಕಾದಷ್ಟು ಇರುತ್ತದೆ. ಒಳ್ಳೆಯ ಕ್ರೇಟಿಗೂ ಕೆಟ್ಟ ಕ್ರೇಟಿಗೂ ವ್ಯತ್ಯಾಸ ದೊಡ್ಡದು. ಪ್ರಾಜೆಕ್ಟನ್ನು ಆ ಕಡೆಗೆ ತಿರುಗಿಸಿದರೆ ಅವನಿಗೆ ಫಲ ಸಿಗುತ್ತದೆ. ದರದ ವಾದಕ್ಕೆ ಮಾತ್ರ ಅದನ್ನು ತರಬೇಡಿ.

ರುಚಿ ಗುರುತಿಸುವ ಎಲೆಕ್ಟ್ರಾನಿಕ್ ನಾಲಿಗೆ ಎಂಬುದೂ ಇದೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಕಿಯೋಶಿ ತೋಕೊ ಈ ಕೆಲಸಕ್ಕೆ ಹೆಸರಾದವರು. ರಸದಲ್ಲಿ ಮುಳುಗಿಸುವ ಎಲೆಕ್ಟ್ರೋಡುಗಳು ಅವು. ತೊಳೆದು, ತಾಳೆ ನೋಡಿ ಇಟ್ಟುಕೊಳ್ಳುವ ಪ್ರಯೋಗಾಲಯಕ್ಕೆ ಸರಿ. ತೋಟಕ್ಕೆ ಅಲ್ಲ.

ಔಷಧಿ, ಮೆಥನಾಲ್

ಈ ಎರಡೂ ಪ್ರಶ್ನೆಗೆ ನನ್ನ ಉತ್ತರ ಆಗುವುದಿಲ್ಲ ಎಂದೇ. ಔಷಧಿಯ ಉಳಿಕೆ ಈ ಯಾವ ಸೆನ್ಸರಿಗೂ ಕಾಣುವುದಿಲ್ಲ. ಅದಕ್ಕೆ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯ ಬೇಕು. ಪುಣೆ ಹತ್ತಿರ ಮಾಂಜ್ರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆಂದೇ ರಾಷ್ಟ್ರ ಮಟ್ಟದ ಪ್ರಯೋಗಾಲಯ ಇದೆ.

ಮೆಥನಾಲ್ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಎಂಕ್ಯೂ-3ಗೆ ಮೆಥನಾಲೂ ಒಂದೇ, ವೈನಿನ ಮಾಮೂಲಿ ಆಲ್ಕೋಹಾಲ್ ಆದ ಎಥನಾಲೂ ಒಂದೇ. ಅದನ್ನು ನಂಬಿ "ಏನೂ ಇಲ್ಲ, ಕುಡಿಯಿರಿ" ಎಂದು ಅಕ್ಕನ ಮಗ ಯಾರಿಗೂ ಹೇಳಬಾರದು. ಆದರೆ ಪಕ್ಕದ ಮನೆಯವರು ಸುಮ್ನೆ ಹೆದರಬೇಕಾಗಿಯೂ ಇಲ್ಲ. ದ್ರಾಕ್ಷಿಯೊಳಗಿನ ಅಂಟಿನಂಥ ಪದಾರ್ಥ ಪೆಕ್ಟಿನ್‌ನಿಂದ ಪ್ರತಿ ವೈನಿನಲ್ಲೂ ಸ್ವಲ್ಪ ಮೆಥನಾಲ್ ಬರುತ್ತದೆ. ಅಂತರರಾಷ್ಟ್ರೀಯ ವೈನ್ ಸಂಸ್ಥೆ ಓಐವಿ ಇಟ್ಟಿರುವ ಮಿತಿ ಕೆಂಪು ವೈನಿಗೆ ಲೀಟರಿಗೆ 400 ಮಿಲಿಗ್ರಾಂ, ಬಿಳಿ ಮತ್ತು ರೋಸೆಗೆ 250. ಶುದ್ಧ ಭರಣಿಯಲ್ಲಿ ದ್ರಾಕ್ಷಿ ಹುಳಿ ಬರಿಸಿದರೆ ಪ್ರಾಣ ತೆಗೆಯುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಕಳ್ಳಬಟ್ಟಿ ದುರಂತಗಳಿಗೆ ಸಾಮಾನ್ಯವಾಗಿ ಕಾರಣ ಕಾರ್ಖಾನೆಯ ಮೆಥನಾಲನ್ನು ಬೆರೆಸುವುದು. ಯಾವುದೇ ಮದ್ಯ ಕುಡಿದ ಮೇಲೆ ಕಣ್ಣು ಮಂಜಾದರೆ, ಉಸಿರು ಜೋರಾದರೆ, ಯಾವ ಮೀಟರೂ ಹುಡುಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮತ್ತೆ, ವೈನ್ ಮಾರುವ ಯೋಚನೆ ಇದ್ದರೆ ಅಬಕಾರಿ ಪರವಾನಗಿ ಬೇಕೇ ಬೇಕು.

ಮುಂದಿನ ಕಟಾವಿಗೆ ಏನು ಮಾಡಬಹುದು

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಹಣ್ಣು ಕೀಳುವ ಕ್ರಮ ಸರಿಮಾಡುತ್ತೇನೆ. ಅದಕ್ಕೆ ದುಡ್ಡು ಬೇಡ. ಬೆಳಗ್ಗೆ ಬಿಸಿಲು ಏರುವ ಮೊದಲು, ಸಾಲು ಬಿಟ್ಟು ಸಾಲು ನಡೆಯುತ್ತಾ, ಒಂದು ಬಳ್ಳಿಯಿಂದ ಒಂದೋ ಎರಡೋ ಹಣ್ಣು. ಒಮ್ಮೆ ಭುಜದಿಂದ, ಒಮ್ಮೆ ನಡುವಿನಿಂದ, ಒಮ್ಮೆ ತುದಿಯಿಂದ. ಒಮ್ಮೆ ಬಿಸಿಲ ಕಡೆ, ಒಮ್ಮೆ ನೆರಳ ಕಡೆ. ಕೀಳುವಾಗ ಮುಖ ಆ ಕಡೆ ತಿರುಗಿಸಿಕೊಳ್ಳಿ. ಇದು ತಮಾಷೆಯ ಮಾತಲ್ಲ, ಕಣ್ಣು ಆರಿಸುವುದನ್ನು ತಪ್ಪಿಸಲು ಬೇರೆ ದಾರಿ ಇಲ್ಲ. ಗುಂಡಿಯ ಜಾಗ, ಗುಡ್ಡದ ಜಾಗ ಎಂದು ತೋಟದಲ್ಲಿ ವ್ಯತ್ಯಾಸ ಇದ್ದರೆ ಪ್ರತಿ ಭಾಗಕ್ಕೂ ಬೇರೆ ಚೀಲ. ಚೀಲವೊಂದಕ್ಕೆ 200 ಹಣ್ಣು ಸಾಕು. ಅಲ್ಲೇ ಎಲ್ಲವನ್ನೂ ಕೈಯಲ್ಲಿ ಹಿಸುಕಿ, ಬಟ್ಟೆಯಲ್ಲಿ ಸೋಸಿ, ಕಲಕಿ, ನೆರಳಿನಲ್ಲಿ ತಣ್ಣಗಾಗಲು ಬಿಟ್ಟು ಓದಿ. ಒಂದು ಹಣ್ಣನ್ನು ಗಾಜಿನ ಮೇಲೆ ಹಿಂಡಿ ಓದುವುದನ್ನು ಬಿಟ್ಟುಬಿಡಿ.

ಆಮೇಲೆ ಒಂದು ಪಿಎಚ್ ಮೀಟರ್ ಕೊಳ್ಳಿ. ಪಿಎಚ್ ಎಂದರೆ ಹುಳಿಯ ಅಳತೆ, ಹುಳಿ ಕಡಿಮೆಯಾದಂತೆ ಅದು ಏರುತ್ತದೆ. ಕೆಲವು ಸಾವಿರದಲ್ಲಿ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ. ಎಲ್ಲರೂ ಬ್ರಿಕ್ಸ್ ಹಿಂದೆ ಓಡುತ್ತಾರೆ, ಪಿಎಚ್ ಕೇಳುವವರೇ ಕಡಿಮೆ. ಅದು ನನಗೆ ಬೇಸರದ ವಿಷಯ. ಬಿಸಿ ಪ್ರದೇಶದಲ್ಲಿ ಹಣ್ಣಿನ ಮ್ಯಾಲಿಕ್ ಆಸಿಡ್ ಬೇಗ ಉರಿದುಹೋಗುತ್ತದೆ, ಪಿಎಚ್ ಏರುತ್ತದೆ. ಪಿಎಚ್ 3.2 ಇರುವ ವೈನನ್ನು ಕಾಪಾಡಲು ಲೀಟರಿಗೆ ಸುಮಾರು 20 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ ಸಾಕಾದರೆ, 3.8ಕ್ಕೆ ಅದೇ ರಕ್ಷಣೆಗೆ 80ರ ಹತ್ತಿರ ಬೇಕು. 22 ಬ್ರಿಕ್ಸ್ ಬರಲಿ ಎಂದು ನೀರು ನಿಲ್ಲಿಸಿ ಕಾಯುವವರು ಇದನ್ನು ಗಮನಿಸಬೇಕು. ಹಣ್ಣು ಸುಕ್ಕಾಗಿ ಬ್ರಿಕ್ಸ್ ಏರುತ್ತದೆ, ತೂಕ ಇಳಿಯುತ್ತದೆ, ಹುಳಿ ಹೋಗುತ್ತದೆ. ದರದಲ್ಲಿ ಗೆದ್ದದ್ದನ್ನು ತೂಕದಲ್ಲಿ ಕಳೆದುಕೊಳ್ಳಬಹುದು. ನಡುವೆ ಅಕಾಲ ಮಳೆ ಬಂದರೆ ಹಣ್ಣೇ ಒಡೆಯುತ್ತದೆ.

ಪಿಎಚ್ ಮೀಟರನ್ನು 4.01 ಮತ್ತು 7.00 ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಬಳಸುವ ದಿನವೇ ತಾಳೆ ನೋಡಬೇಕು. ಗಾಜಿನ ಗುಂಡನ್ನು ಒಣಗಲು ಬಿಡಬಾರದು, ಡಿಸ್ಟಿಲ್ಡ್ ನೀರಿನಲ್ಲೂ ಇಡಬಾರದು, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕು. ಒಟ್ಟು ಹುಳಿಯನ್ನೂ ಮನೆಯಲ್ಲೇ ನೋಡಬಹುದು. 10 ಮಿ.ಲೀ. ರಸಕ್ಕೆ 0.1 ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಪಿಎಚ್ 8.2 ಬಂದಾಗ ನಿಲ್ಲಿಸಿ. ಎಷ್ಟು ಮಿ.ಲೀ. ಹಿಡಿಯಿತೋ ಅದನ್ನು 0.75ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಟಾರ್ಟಾರಿಕ್ ಆಸಿಡ್ ಎಂದು ಸಿಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ಥಲೀನ್ ಕೂಡ ಇದೆ, ಆದರೆ ಕಪ್ಪು ದ್ರಾಕ್ಷಿಯ ರಸದಲ್ಲಿ ಅದರ ಬಣ್ಣ ಕಾಣುವುದು ಕಷ್ಟ, ಮೀಟರೇ ಒಳ್ಳೆಯದು.

ವೈನರಿಯವರ ಹತ್ತಿರ ಇರುವಂಥ ಮೀಟರು ಬೇಕಾ ಎಂದು ಕೇಳಿದ್ದೀರಿ. ಅದು ಲಕ್ಷದ ಲೆಕ್ಕದ ಮಾತು. ಕೊಂಡ ಮೇಲೆ ನಿಮ್ಮ ತೋಟದ ಹಣ್ಣಿನಿಂದ ಒಂದೆರಡು ಹಂಗಾಮು ಕಲಿಸಬೇಕು. ನಾಲ್ಕು ಎಕರೆಗೆ ಬೇಡ ಎನ್ನುತ್ತೇನೆ. ಸುತ್ತಲಿನ ಶಿರಾಜ್ ಬೆಳೆಗಾರರು ಹತ್ತಿಪ್ಪತ್ತು ಜನ ಸೇರಿ ಕೊಂಡು, ಒಬ್ಬರನ್ನು ಅದಕ್ಕೆಂದೇ ತಯಾರು ಮಾಡಿದರೆ ಯೋಚಿಸಬಹುದು.

ಕೊನೆಗೆ ಕರಾರು. ಅಕ್ಟೋಬರ್ ಚಾಟ್ನಿಗೆ ಮೊದಲೇ ಕೂತು ಮಾತಾಡಿ. ಹಣ್ಣು ಮಾಗಿ ನಿಂತ ಮೇಲೆ ಮಾತಿಗೆ ಕೂತರೆ ಅವಸರ ನಿಮ್ಮದಾಗಿರುತ್ತದೆ, ಅವರದ್ದಲ್ಲ. ದರಕ್ಕೆ ಲೆಕ್ಕ ಹಿಡಿಯುವ ಬ್ರಿಕ್ಸ್ ಯಾವುದು ಎಂದು ಬರೆಸಿಕೊಳ್ಳಿ. ಲೋಡಿನ ಬೇರೆ ಬೇರೆ ಕ್ರೇಟುಗಳಿಂದ ತೆಗೆದು ಅರೆದ ರಸ, 20 ಡಿಗ್ರಿಗೆ ತಂದು, ಎರಡೂ ಕಡೆಯವರ ಎದುರು, ರಿಫ್ರಾಕ್ಟೋಮೀಟರಿನಲ್ಲಿ ಓದಿದ ಅಂಕಿ ಎಂದಾದರೆ ಜಗಳಕ್ಕೆ ಜಾಗ ಕಡಿಮೆ. ಇದರಲ್ಲಿ ನಿಮಗೆ ಅಪಾಯವೂ ಇದೆ. ಆ ಅಂಕಿ ಭಾವನವರ 22.5ಕ್ಕಿಂತ ಕಡಿಮೆಯೇ ಬರಬಹುದು, ಅದಕ್ಕೆ ತಯಾರಿರಿ. 22ಕ್ಕೆ ಪೂರ್ತಿ, 21.9ಕ್ಕೆ ಕಡಿತ ಎಂಬ ಗೆರೆಯ ಬದಲು, ಬ್ರಿಕ್ಸ್ ಏರಿದಂತೆ ದರ ಸ್ವಲ್ಪ ಸ್ವಲ್ಪವಾಗಿ ಏರುವ ಪಟ್ಟಿ ಕೇಳಿ. ಮೀಟರೇ ಅರ್ಧ ಬ್ರಿಕ್ಸ್ ಆಚೀಚೆ ಆಗುವಾಗ ಒಂದು ಗೆರೆಯ ಮೇಲೆ ಇಡೀ ವರ್ಷದ ದುಡಿಮೆ ನಿಲ್ಲಿಸುವುದು ಇಬ್ಬರಿಗೂ ನ್ಯಾಯ ಅಲ್ಲ. ಅದೇ ಕ್ರೇಟುಗಳಿಂದ ತೆಗೆದ ಹಣ್ಣಿನ ಒಂದು ಪಾಲನ್ನು ಇಬ್ಬರ ಸಹಿ ಹಾಕಿದ ಚೀಲದಲ್ಲಿ ಫ್ರೀಜರಿನಲ್ಲಿ ಇಡಲು ಒಪ್ಪಂದ ಮಾಡಿಕೊಳ್ಳಿ. ವಾದ ಬಂದರೆ ಮೂರನೆಯ ಪ್ರಯೋಗಾಲಯಕ್ಕೆ ಕಳಿಸಬಹುದು. ಹೆಪ್ಪುಗಟ್ಟಿದ ಹಣ್ಣನ್ನು ಪೂರ್ತಿ ಕರಗಿಸಿ, ಹಿಸುಕಿ, ಕಲಕಿ ಓದಿದರೆ ಬ್ರಿಕ್ಸ್ ಸರಿಯಾಗಿ ಬರುತ್ತದೆ. ಹುಳಿ ಮತ್ತು ಪಿಎಚ್ ಮಾತ್ರ ಹಾಗಲ್ಲ. ಟಾರ್ಟಾರಿಕ್ ಆಸಿಡ್ ಹರಳಾಗಿ ಅಡಿಗೆ ಕೂತಿರುತ್ತದೆ, ಬೆಚ್ಚಗೆ ಮಾಡಿ ಮತ್ತೆ ಕರಗಿಸದಿದ್ದರೆ ತಪ್ಪು ಅಂಕಿ ಬರುತ್ತದೆ. ಹಾಗಾಗಿ ಅವೆರಡನ್ನು ಕಟಾವಿನ ದಿನ ತೋಟದಲ್ಲೇ ಓದಿ, ತಾರೀಖು, ಹೊತ್ತು, ಬಿಸಿ ಮೂರನ್ನೂ ಪಕ್ಕದಲ್ಲಿ ಬರೆದು, ವೈನರಿಯವರ ಸಹಿ ಅಲ್ಲೇ ಹಾಕಿಸಿಕೊಳ್ಳಿ.